ಹಾಲಿನ ಹಾಡಿಗೆ ಒಂದು ಸ್ವರ ಕಡಿಮೆ

ನನ್ನ ಕಿವಿಯ ಬಗ್ಗೆ ನನಗೆ ಸೊಕ್ಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣಿಗೆ ಆಪರೇಷನ್ ಆಗಿದೆ, ಮಂಡಿ ಕೈಕೊಟ್ಟಿದೆ, ಬೆಳಿಗ್ಗೆ ಎದ್ದರೆ ಬೆರಳ ಗಂಟುಗಳು ಮಡಚುವುದಿಲ್ಲ. ಆದರೆ ಇಪ್ಪತ್ತು ಜನ ಕೂತು ಭಜನೆ ಹಾಡುವಾಗ ಯಾರ ಸ್ವರ ಒಂದೆಳೆ ಜಾರಿದರೂ ನಾನು ಹಿಂತಿರುಗಿ ನೋಡದೆ ಅವರ ಹೆಸರು ಹೇಳುತ್ತಿದ್ದೆ. ಹೇಳಿದ ಮೇಲೆ ಒಂದು ಮಾತನ್ನೂ ಸೇರಿಸುತ್ತಿದ್ದೆ: "ಪೆಟ್ಟಿಗೆ ಸುಳ್ಳು ಹೇಳುದಿಲ್ಲ." ಪೆಟ್ಟಿಗೆ ಅಂದರೆ ನನ್ನ ಹಾರ್ಮೋನಿಯಂ.

ನಮ್ಮ ಭಜನಾ ಮಂಡಳಿ ಶುರುವಾದದ್ದು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಒಂದು ರೂಮಿನಲ್ಲಿ, ಎಂಬತ್ತಾರರಲ್ಲಿ. ಶುರು ಮಾಡಿದವರು ದೇಜಪ್ಪಣ್ಣ, ಠಾಣೆಯ ಒಂದು ಹೋಟೆಲಿನ ಭಟ್ಟಿಯಲ್ಲಿ ದೋಸೆ ಹೊಯ್ಯುತ್ತಿದ್ದವರು. ಎಲ್ಲಿಂದಲೋ ಒಂದು ಹಳೆಯ ಹಾರ್ಮೋನಿಯಂ ತಂದು, "ಜಯಶೀಲ, ನಿನ್ನದು ಟೈಪಿಸ್ಟನ ಕೈ, ಇದೂ ನಿನಗೆ ಬರ್ತದೆ" ಎಂದು ನನ್ನ ಮುಂದಿಟ್ಟರು. ನಾನು ಆಗ ತುರ್ಭೆಯ ಔಷಧಿ ಕಂಪನಿಯೊಂದರಲ್ಲಿ ಟೈಪಿಸ್ಟ್. ಹಗಲೆಲ್ಲ ಟೈಪ್‌ರೈಟರ್, ಶನಿವಾರ ಸಂಜೆ ಹಾರ್ಮೋನಿಯಂ. ಬೇರೆ ಬೇರೆ ಮನೆಗಳಲ್ಲಿ ಭಜನೆ ಇರುತ್ತಿದ್ದುದರಿಂದ ಪೆಟ್ಟಿಗೆಯನ್ನು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ, ತೊಡೆಯ ಮೇಲಿಟ್ಟುಕೊಂಡು ಕಲ್ಯಾಣದಿಂದ ಠಾಣೆವರೆಗೆ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಮುಂಬ್ರಾ ದಾಟುವಾಗ ಮೀನು ಮಾರುವ ಹೆಂಗಸೊಬ್ಬಳು "ಭಾವೂ, ವಾಜವ್ ನಾ" ಅಂದಳು, ಬಾರಿಸಣ್ಣಾ ಎಂದು. ಬಾರಿಸಿದೆ. ಇಡೀ ಡಬ್ಬಿ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯನ್ನು ಈಗಲೂ ಕೆಲವು ಮಧ್ಯಾಹ್ನ ನೆನಪು ಮಾಡಿಕೊಂಡು ಒಬ್ಬನೇ ನಗುತ್ತೇನೆ.

ಈಗ ನಾನೂ ಹೆಂಡತಿಯೂ ಘಣಸೋಲಿಯಲ್ಲಿ ಮಗನ ಜೊತೆ ಇದ್ದೇವೆ. ಮಂಡಳಿಯ ಅರ್ಧ ಜನ ನವಿ ಮುಂಬಯಿಗೆ ಬಂದದ್ದರಿಂದ ಶನಿವಾರದ ಭಜನೆ ಸಾನಪಾಡಾದ ಒಂದು ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ. ದೇಜಪ್ಪಣ್ಣ ಇಲ್ಲ, ಪೆಟ್ಟಿಗೆ ಅದೇ.

ಮುಂದಿನ ವರ್ಷ ಮಂಡಳಿಗೆ ನಲವತ್ತು ತುಂಬುತ್ತದೆ. ನಮ್ಮ ಕಾರ್ಯದರ್ಶಿ ಹಿತೇಶನಿಗೆ ಒಂದು ಯೋಚನೆ ಬಂತು. ನಾವು ಹಾಡುವ ಮೂವತ್ತೆಂಟು ಭಜನೆಗಳ ಮಟ್ಟುಗಳನ್ನು ಸ್ವರಲಿಪಿ ಹಾಕಿ ಪುಸ್ತಕ ಮಾಡಬೇಕು. ಅದೂ ಸ ರಿ ಗ ಮದಲ್ಲಿ ಅಲ್ಲ, ಇಂಗ್ಲಿಷಿನವರ ಐದು ಗೆರೆಯ ಲಿಪಿಯಲ್ಲಿ. ಏಕೆಂದರೆ ಮಂಡಳಿಯ ಮಕ್ಕಳೆಲ್ಲ ಕೀಬೋರ್ಡ್ ಕ್ಲಾಸಿಗೆ ಹೋಗುವವರು. ಅವರಿಗೆ ಓದಲು ಬರುವುದು ಅದೊಂದೇ.

"ಅಣ್ಣ, ಟೆನ್ಶನ್ ತಗೊಳ್ಬೇಡಿ, ಏಕ್‌ದಮ್ ಈಸಿ" ಎಂದು ಹಿತೇಶ ಒಂದು ಟ್ಯಾಬ್ ತಂದು ಕೊಟ್ಟ. ಎರಡು ಭಾನುವಾರ ಕೂತು ಹೇಳಿಕೊಟ್ಟ. ಗಾಜಿನ ಮೇಲುಭಾಗದಲ್ಲಿ ಐದು ಗೆರೆ, ಕೆಳಭಾಗದಲ್ಲಿ ಹಾರ್ಮೋನಿಯಂನ ಹಾಗೆ ಬಿಳಿಮನೆ, ಕರಿಮನೆ. ಕೀ ಅನ್ನುವುದಕ್ಕೆ ನಾವು ಭಜನೆಯವರು ಮನೆ ಅನ್ನುತ್ತೇವೆ. ಯಾವ ಮನೆ ಮುಟ್ಟಿದರೆ ಆ ಸ್ವರ ನುಡಿದು, ಮೇಲೆ ಗೆರೆಯಲ್ಲಿ ಒಂದು ಬೊಟ್ಟು ಬಂದು ಕೂರುತ್ತದೆ. ತಾಳದ ಲೆಕ್ಕ ತಪ್ಪಿದರೆ ಆ ಭಾಗ ಕೆಂಪಗಾಗಿ ಮುನಿಸಿಕೊಳ್ಳುತ್ತದೆ. ಕೊನೆಗೆ ಒಂದು ತ್ರಿಕೋನ ಒತ್ತಿದರೆ ಅದೇ ಬಾರಿಸಿ ತೋರಿಸುತ್ತದೆ, ಪಿಯಾನೋ ಸ್ವರದಲ್ಲಿ. ಮೊದಲ ದಿನ ಕಲಿಯಲೆಂದು ಒತ್ತಿದ ಮಂಗಳಾರತಿಯ ಹಾಡು ಪಿಯಾನೋದಲ್ಲಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಮದುವೆ ಹಾಲ್‌ನಲ್ಲಿ ಸೂಟು ಹಾಕಿ ನಿಂತ ನಮ್ಮೂರ ಭಟ್ಟರ ಹಾಗಿತ್ತು.

ಆದರೆ ಟೈಪಿಸ್ಟನ ಕೈ ತಾನೆ, ಬೇಗ ಪಳಗಿತು. ಬೆಳಿಗ್ಗೆ ಮಗ ಸಮಿತ್, ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ ಕಿಟಕಿಯ ಪಕ್ಕ ಕೂರುವುದು. ನನ್ನ ಹೆಂಡತಿ ರತ್ನಾವತಿ ಬಂದು ಬೆರಳ ಗಂಟುಗಳಿಗೆ ನೋವಿನ ಎಣ್ಣೆ ತಿಕ್ಕುವುದು. ನಾನು ಒಂದೊಂದೇ ಭಜನೆಯನ್ನು ಮನಸ್ಸಿನಲ್ಲಿ ಹಾಡಿಕೊಂಡು ಗಾಜಿನ ಮೇಲೆ ಒತ್ತುವುದು. ಸಂಜೆ ಅವಳು ಸೆರಗಿನಿಂದ ಗಾಜು ಒರೆಸಿ, "ಇದೆಂತ, ದೋಸೆ ಹೊಯ್ದ ಕಾವಲಿಯಾ?" ಎಂದು ಬೈಯುವುದು. ಬೈದರೂ ಆ ಸ್ವರದಲ್ಲಿ ಜೋರು ಇರುತ್ತಿರಲಿಲ್ಲ. ಇರುವ ಹಾಗೂ ಇರಲಿಲ್ಲ.

ಎರಡು ವರ್ಷದ ಹಿಂದೆ ರತ್ನಾವತಿಗೆ ಕುತ್ತಿಗೆಯಲ್ಲಿ ಥೈರಾಯ್ಡಿನ ಗಡ್ಡೆಯ ಆಪರೇಷನ್ ಆಯಿತು. ಸ್ವರಕ್ಕೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಪ್ರಾಣ ಉಳಿಯಿತು, ಸ್ವರ ಹೋಯಿತು. ಮಾತಾಡಬಲ್ಲಳು, ಒಣ ಎಲೆ ಎಳೆದ ಹಾಗೆ. ಹಾಡಲು ಹೋದರೆ ಗಾಳಿ ಮಾತ್ರ ಬರುತ್ತದೆ. ಒಮ್ಮೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅವಳು ಪ್ರಯತ್ನ ಮಾಡುವುದು ಕೇಳಿಸಿತು. ನಾನು ಟಿವಿಯ ಶಬ್ದ ಜೋರು ಮಾಡಿದೆ. ನನಗೆ ಕೇಳುತ್ತಿದೆ ಎಂದು ಅವಳಿಗೆ ಗೊತ್ತಾಗಬಾರದು ಎಂದು. ಅಂದು ಊಟ ಸೇರಲಿಲ್ಲ.

ಮೂವತ್ತೆಂಟರಲ್ಲಿ ಒಂದು ಹಾಡು ಅವಳದು. ಊರಲ್ಲಿ, ಶಿರ್ವದ ಹತ್ತಿರ, ಅವಳ ತಾಯಿ ಬೆಳಗ್ಗಿನ ಹಾಲು ಕಾಯಿಸುವಾಗ ಹೇಳುತ್ತಿದ್ದದ್ದು. "ಹಾಲು ಕಾದಿದೆ ಬಾರೋ ರಂಗ, ಕೆನೆ ಕಟ್ಟುವ ಮುನ್ನ." ಮಂಡಳಿಯಲ್ಲಿ ಅದಕ್ಕೆ ಹಾಲಿನ ಹಾಡು ಎಂದೇ ಹೆಸರು. ತಾಯಿ ತೀರಿಕೊಂಡಿದ್ದಾರೆ, ಊರಲ್ಲಿ ಆ ಹಾಡು ಗೊತ್ತಿರುವವರು ಯಾರೂ ಇಲ್ಲ. ರತ್ನ ಹಾಡಿದ್ದನ್ನು ನಾವು ಯಾರೂ ಫೋನಿನಲ್ಲಿ ಹಿಡಿದಿಟ್ಟಿರಲಿಲ್ಲ. ಪ್ರತಿ ಶನಿವಾರ ಹಾಡುತ್ತಾಳಲ್ಲ, ಅದನ್ನೆಂತ ಹಿಡಿದಿಡುವುದು ಎಂದು. ಆಪರೇಷನ್ನಿನ ನಂತರ ಆ ಹಾಡನ್ನು ಸುಗುಣಾ ಹೇಳಿಕೊಡುತ್ತಾಳೆ. ಸುಗುಣಾ ರತ್ನನ ಪಕ್ಕ ಇಪ್ಪತ್ತು ವರ್ಷ ಕೂತು ಹಾಡಿದವಳು, ಒಳ್ಳೆಯ ಕಂಠ.

ಪುಸ್ತಕದ ಬಗ್ಗೆ ಕೇಳಿದಾಗ ರತ್ನ ಒಂದೇ ಮಾತು ಹೇಳಿದ್ದಳು: "ಉಳಿದದ್ದು ನೀವು ಹೇಗೆ ಬೇಕಾದ್ರೂ ಬರೀರಿ. ಅಮ್ಮನ ಹಾಡು ಮಾತ್ರ ಸರಿ ಇರಬೇಕು. ಅದು ಇನ್ನು ಆ ಪುಸ್ತಕದಲ್ಲೇ ಇರುದು, ನನ್ನಲ್ಲಿ ಇಲ್ಲ."

ಹಾಗಾಗಿ ಹಾಲಿನ ಹಾಡನ್ನು ನಾನು ಎಲ್ಲಕ್ಕಿಂತ ಮೊದಲು ಬರೆದೆ, ಎಲ್ಲಕ್ಕಿಂತ ಜಾಗ್ರತೆಯಿಂದ ಬರೆದೆ. ಅವಳನ್ನು ಕರೆದು ಕೂರಿಸಿ ತ್ರಿಕೋನ ಒತ್ತಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ತಲೆ ಅಲ್ಲಾಡಿಸಿದಳು.

"ಇದಲ್ಲ."

"ಇದಲ್ಲ ಅಂದ್ರೆ? ಪಿಯಾನೋ ಸ್ವರ ಅಲ್ವಾ, ಹಾಗೆ ಕೇಳ್ತದೆ."

"ಪಿಯಾನೋ ಆಗ್ಲಿ ಕೊಳಲಾಗ್ಲಿ. ಇದಲ್ಲ."

ತಾಳದ ವೇಗ ಕಡಿಮೆ ಮಾಡಿದೆ. ಇದಲ್ಲ. ಪಿಯಾನೋ ತೆಗೆದು ಪಿಟೀಲು ಹಾಕಿದೆ. ಇದಲ್ಲ. ಎಲ್ಲಿ ತಪ್ಪಿದೆ ತೋರಿಸು ಎಂದೆ. "ಮುನ್ನ ಅನ್ನುವಲ್ಲಿ" ಎಂದಳು. ಮುನ್ನ ಅನ್ನುವಲ್ಲಿ ಹಾಡು ಮೇಲಿನ ಷಡ್ಜದಿಂದ ಇಳಿದು ಧೈವತದ ಮೇಲೆ ನಿಲ್ಲುತ್ತದೆ. ನಾನು ಹಾಗೇ ಬರೆದಿದ್ದೇನೆ, ಶನಿವಾರ ಶನಿವಾರ ಹಾಗೇ ಬಾರಿಸಿದ್ದೇನೆ. ಹೆಚ್ಚುಕಡಿಮೆ ಹದಿನೈದು ದಿನ ನಮ್ಮ ಮನೆಯಲ್ಲಿ ಇದೇ ಜಗಳ. ಒಂದು ದಿನ ನನಗೆ ಪಿತ್ತ ನೆತ್ತಿಗೇರಿ, "ನಿನಗೆ ಆಪರೇಷನ್ ಆದ್ದು ಗಂಟಲಿಗೆ, ಕಿವಿಗಲ್ಲ" ಎಂದುಬಿಟ್ಟೆ.

ಅವಳು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿ ಒಳಗೆ ಹೋದಳು. ಮರುದಿನ ಕಲ್ಯಾಣದಲ್ಲಿರುವ ಅಕ್ಕ ಅನಸೂಯಾಳ ಮನೆಗೆ ಹೊರಟಳು. "ನಾಲ್ಕು ದಿವಸ ಇದ್ದು ಬರ್ತೇನೆ. ಎಣ್ಣೆ ನೀವೇ ಹಚ್ಚಿಕೊಳ್ಳಿ."

ನಾಲ್ಕು ದಿನ ನಾನು ಹಟಕ್ಕೆ ಬಿದ್ದು ಕೆಲಸ ಮಾಡಿದೆ. ಬರೆದಿದ್ದ ಎಲ್ಲ ಹಾಡುಗಳನ್ನು ಮೊದಲಿನಿಂದ ತೆಗೆದು, ಒಂದೊಂದು ಸ್ವರವನ್ನೂ ಮತ್ತೆ ಮುಟ್ಟಿ ನುಡಿಸಿ ತಾಳೆ ನೋಡಿದೆ. ಎಣ್ಣೆಯನ್ನು ನಾನೇ ಹಚ್ಚಿಕೊಂಡೆ, ಬೇಕಾದ್ದಕ್ಕಿಂತ ಹೆಚ್ಚೇ ಸುರಿದುಕೊಂಡೆ. ಗಾಜು ಒರೆಸಲು ಯಾರೂ ಇರಲಿಲ್ಲ. ಹಾಲಿನ ಹಾಡನ್ನು ಹನ್ನೊಂದು ಸಲ ನುಡಿಸಿದೆ. ಪ್ರತಿ ಸಲವೂ ನನಗೆ ಸರಿಯಾಗಿಯೇ ಕೇಳಿತು.

ಐದನೆಯ ದಿನ ಬೆಳಿಗ್ಗೆ ಅವಳು ಬಂದಳು. ಚೀಲ ಇಟ್ಟು, ಕಾಲು ತೊಳೆದು, ಚಹಾ ಕುಡಿದಾದ ಮೇಲೆ ಟ್ಯಾಬನ್ನು ಎತ್ತಿಕೊಂಡಳು. ಮುನಿಸು ಇನ್ನೂ ಇತ್ತು, ಆದರೆ ಕೊಳೆ ಕಂಡರೆ ಅವಳಿಂದ ಸುಮ್ಮನಿರಲಾಗುವುದಿಲ್ಲ. ಸೆರಗು ಹಿಡಿದು ಕಿಟಕಿಯ ಬೆಳಕಿಗೆ ಓರೆಯಾಗಿಸಿದವಳು ಹಾಗೇ ನಿಂತಳು.

"ಇಲ್ಲಿ ಯಾಕೆ ಎಣ್ಣೆ ಇಲ್ಲ?"

"ಎಲ್ಲಿ?"

"ಇಲ್ಲಿ ನೋಡಿ."

ನೋಡಿದೆ. ಗಾಜಿನ ಕೆಳಭಾಗದಲ್ಲಿ ಮನೆಗಳಿರುವ ಜಾಗವೆಲ್ಲ ನನ್ನ ಬೆರಳಚ್ಚುಗಳಿಂದ ಮಸುಕಾಗಿತ್ತು. ಬಿಳಿಮನೆಗಳ ಮೇಲೆ ಎಣ್ಣೆ, ಕರಿಮನೆಗಳ ಮೇಲೆ ಎಣ್ಣೆ. ನಡುವೆ ಒಂದೇ ಒಂದು ಕರಿಮನೆ, ಐದನೆಯದು, ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಫಳಫಳ ಹೊಳೆಯುತ್ತಿತ್ತು. ಮೂವತ್ತೆಂಟು ಹಾಡು ಬರೆದು, ಮೂವತ್ತೆಂಟನ್ನೂ ಮತ್ತೆ ನುಡಿಸಿ, ನನ್ನ ಬೆರಳು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

"ಇದು ಹಾಳಾಗಿದೆಯಾ ಎಂತದು" ಎನ್ನುತ್ತ ರತ್ನ ತನ್ನ ತೋರುಬೆರಳಿನಿಂದ ಅದನ್ನು ಮುಟ್ಟಿದಳು. ಕೋಮಲ ನಿಷಾದ ನುಡಿಯಿತು.

ಅವಳ ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ಮುಟ್ಟಿದಳು. ಮತ್ತೊಮ್ಮೆ. ಅವಳಿಗೆ ಸ್ವರಗಳ ಹೆಸರು ಗೊತ್ತಿಲ್ಲ, ಹಾರ್ಮೋನಿಯಂ ಅವಳು ಯಾವತ್ತೂ ಮುಟ್ಟಿದವಳಲ್ಲ.

"ಇದೇ" ಎಂದಳು. "ಮುನ್ನ ಅನ್ನುವಲ್ಲಿ ಅಮ್ಮ ನಿಲ್ಲುದು ಇಲ್ಲಿ. ಇದೇ ಅದು."

"ಅಲ್ಲಿ ಆ ಸ್ವರ ಬರುದಿಲ್ಲ" ಎಂದು ನನ್ನ ಬಾಯಿ ತಾನಾಗಿ ಹೇಳಿತು. ಹೇಳಿಯೂ ಬರೆದೆ. ಧೈವತದ ಬೊಟ್ಟನ್ನು ಅಳಿಸಿ, ಆ ಜಾಗದಲ್ಲಿ ನಿಷಾದ ಇಟ್ಟು, ಆಮೇಲೆ ಧೈವತಕ್ಕೆ ಇಳಿಸಿದೆ. ತ್ರಿಕೋನ ಒತ್ತಿದೆ.

ಹಾಲು ಕಾದಿದೆ ಬಾರೋ ರಂಗ, ಕೆನೆ ಕಟ್ಟುವ ಮುನ್ನ. ಮುನ್ನ ಅನ್ನುವಲ್ಲಿ ಹಾಡು ಒಂದು ಕ್ಷಣ ಹಿಂಜರಿಯಿತು, ಕರೆಯುವವಳಿಗೆ ಮಗು ಬರುತ್ತದೋ ಇಲ್ಲವೋ ಎಂಬ ಅನುಮಾನ ಬಂದ ಹಾಗೆ, ಆಮೇಲೆ ಇಳಿಯಿತು. ಇಷ್ಟು ವರ್ಷ ನಾನು ಬಾರಿಸಿದ್ದರಲ್ಲಿ ಆ ಅನುಮಾನ ಇರಲೇ ಇಲ್ಲ. ನನ್ನ ಹಾಲಿನ ಹಾಡಿನಲ್ಲಿ ತಾಯಿ ಹಾಲು ಕಾಯಿಸಿದ್ದಳು ಅಷ್ಟೆ, ಮಗುವಿಗೆ ಕಾದಿರಲಿಲ್ಲ.

ರತ್ನ ಅಳುತ್ತಿದ್ದಳು. ಅವಳು ಅಳುವಾಗ ಈಗ ಶಬ್ದ ಬರುವುದಿಲ್ಲ.

ನಾನು ಎದ್ದು ಹೋಗಿ ಪೆಟ್ಟಿಗೆ ತೆಗೆದೆ. ಐದನೆಯ ಕರಿಮನೆಯನ್ನು ಒತ್ತಿದೆ. ಒತ್ತಿದರೆ ಒಳಗೆ ಹೋಗಲಿಲ್ಲ, ಕಲ್ಲಿನ ಹಾಗೆ ನಿಂತಿತ್ತು. ನಿಜ ಹೇಳುತ್ತೇನೆ, ನನಗೆ ಅದು ಮರೆತೇಹೋಗಿತ್ತು. ಸ್ಕ್ರೂ ಬಿಚ್ಚಿ ಮೇಲಿನ ಹಲಗೆ ಎತ್ತಿದೆ. ಆ ಮನೆಯ ಅಡಿಗೆ ಏನೋ ಮಡಚಿ ಸಿಕ್ಕಿಸಿದ್ದು ಕಂಡಿತು. ಚಿಮುಟದಿಂದ ಎಳೆದು ತೆಗೆದೆ. ಹಳೆಯ ಕಾಲದ ದಪ್ಪ ರಟ್ಟಿನ ರೈಲ್ವೆ ಟಿಕೆಟ್. ಬಿಡಿಸಿದರೆ ಓದಲು ಆಗುವಷ್ಟಿತ್ತು. ಠಾಣೆಯಿಂದ ಡೊಂಬಿವಲಿ. ಹದಿನಾರು ಜುಲೈ ತೊಂಬತ್ತನಾಲ್ಕು.

ಆ ದಿನ ಪೂರ್ತಿಯಾಗಿ ನೆನಪಿಗೆ ಬಂತು. ಶನಿವಾರ, ನನಗೆ ಅರ್ಧ ದಿನ ಆಫೀಸು. ಮಂಡಳಿಗೆ ಸೇರಿ ಎಂಟು ವರ್ಷವಾದರೂ ರತ್ನ ಹಿಂದೆ ಕೂತು ಎಲ್ಲರ ಜೊತೆ ಹಾಡುವವಳೇ ಹೊರತು ಒಬ್ಬಳೇ ಹಾಡಿದವಳಲ್ಲ. ಅಂದು ಸಂಜೆ ಮೊದಲ ಸಲ ಅವಳ ಹಾಡು ಎಂದು ದೇಜಪ್ಪಣ್ಣ ನಿಶ್ಚಯ ಮಾಡಿದ್ದರು. ಮಧ್ಯಾಹ್ನ ಅವಳು ಡೊಂಬಿವಲಿಯಿಂದ ಠಾಣೆಗೆ ಬಂದಳು. ಸ್ಟೇಷನ್ ರೋಡಿನಲ್ಲಿ ಅವಳಿಗೊಂದು ಪಾಚಿ ಹಸಿರು ಬಣ್ಣದ ಸೀರೆ ತೆಗೆದೆವು. ತಲಾವ್ ಪಾಳಿ ಕೆರೆಯ ದಂಡೆಯಲ್ಲಿ ಒಂದೇ ಕೊಡೆಯಡಿ ನಿಂತು ಭೇಲ್ ತಿಂದೆವು. ಮಳೆಯ ನೀರು ಬಿದ್ದು ಭೇಲೆಲ್ಲ ಮೆತ್ತಗಾಗಿತ್ತು, ಅದಕ್ಕೂ ನಕ್ಕೆವು. ವಾಪಸು ಬರುವಾಗ ನನಗೆ ಪಾಸ್ ಇತ್ತು. ಟಿಕೆಟ್ ಅವಳದು. ಕೈಯಲ್ಲಿ ಸೀರೆಯ ಚೀಲ ಇದ್ದುದರಿಂದ ಅದನ್ನು ನನ್ನ ಜೇಬಿಗೆ ಹಾಕಿದಳು.

ಸಂಜೆ ಪೆಟ್ಟಿಗೆ ಬಿಚ್ಚಿದರೆ ಮಳೆಯ ಥಂಡಿಗೆ ಒಂದು ಮನೆಯ ಸ್ಪ್ರಿಂಗ್ ಸೋತು, ತಿದಿ ಎಳೆದಾಗಲೆಲ್ಲ ಅದು ತಾನಾಗಿ ಕುಂಯ್ ಎನ್ನುತ್ತಿತ್ತು. ಜನ ಬಂದು ಕೂತಿದ್ದರು. ಜೇಬಿಗೆ ಕೈ ಹಾಕಿದೆ, ಟಿಕೆಟ್ ಸಿಕ್ಕಿತು. ಮಡಚಿ ಆ ಮನೆಯ ಅಡಿಗೆ ತುರುಕಿದೆ. ಬಾಯಿ ಮುಚ್ಚಿಕೊಂಡಿತು. ಇವತ್ತಿಗೆ ಸಾಕು, ನಾಳೆ ರಿಪೇರಿ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಕೊಡುವ ಜಾಯಮಾನ ನನ್ನದಲ್ಲ. ಬೆರಳುಗಳು ಒಂದು ತಿಂಗಳಲ್ಲಿ ಆ ಮನೆ ತಪ್ಪಿಸಿ ನಡೆಯಲು ಕಲಿತವು, ಒಂದು ವರ್ಷದಲ್ಲಿ ನಾನು ಮರೆತೆ. ಹಳೆಯ ಹಾಡು, ಹೊಸ ಹಾಡು ಎಲ್ಲವೂ ನನ್ನ ಬೆರಳ ಹಿಂದೆಯೇ ತಿರುಗಿದವು. ಮೂವತ್ತೊಂದು ವರ್ಷ ಒಂದು ಇಡೀ ಮಂಡಳಿ ಹನ್ನೆರಡರಲ್ಲಿ ಹನ್ನೊಂದೇ ಸ್ವರದಲ್ಲಿ ದೇವರನ್ನು ಕರೆದಿತ್ತು.

ಅಂದು ರತ್ನ ಹಸಿರು ಸೀರೆ ಉಟ್ಟು, ಕಣ್ಣು ಮುಚ್ಚಿ ಹಾಡಿದಳು. ಮುನ್ನ ಅನ್ನುವಲ್ಲಿ ಅವಳು ಒಂದು ಕಡೆ ನಿಂತಳು, ನನ್ನ ಬೆರಳು ಇನ್ನೊಂದು ಕಡೆ ನಿಂತಿತು. ಕರ್ಕಶವಾಯಿತು. ಜನ ತಿರುಗಿ ನೋಡಿದರು. ಬಾಯಿ ಮುಚ್ಚಿಸಿದ ಮನೆಯ ನೆನಪೇ ಆಗದೆ ನಾನು ತಿದಿ ನಿಲ್ಲಿಸಿ ಎಲ್ಲರ ಎದುರು ಹೇಳಿದೆ: "ರತ್ನಾ, ಸ್ವರ ತಪ್ಪುತ್ತಿದ್ದೀ. ಪೆಟ್ಟಿಗೆ ನೋಡಿ ಹಾಡು. ಪೆಟ್ಟಿಗೆ ಸುಳ್ಳು ಹೇಳುದಿಲ್ಲ."

ಅವಳು ಮತ್ತೆ ಹಾಡಿದಳು, ಪೆಟ್ಟಿಗೆ ಹೇಳಿದ ಹಾಗೆ. ನನ್ನ ಕಿವಿ ಎಂಥದು ಎಂದು ಹೇಳಿಕೊಳ್ಳುವಾಗ ಇದನ್ನು ನಾನು ಎಷ್ಟು ಜನರಿಗೆ ಹೇಳಿಲ್ಲ! ಹೆಂಡತಿಯನ್ನೂ ಬಿಟ್ಟವನಲ್ಲ ನಾನು, ಎಂದು.

ಟಿಕೆಟನ್ನು ಅವಳ ಕೈಯಲ್ಲಿಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿದಳು. ತಾರೀಕು ಓದಲು ನನ್ನ ಕನ್ನಡಕ ಬೇಡಿ ತೆಗೆದುಕೊಂಡಳು.

"ಸೀರೆ ತಂದ ದಿವಸ" ಎಂದಳು.

"ನೀನು ಆಗಲೇ ಹೇಳಬಾರದಿತ್ತಾ?"

"ನಾನೆಂತ ಹೇಳುದು? ನಿಮಗೆ ಸ್ವರದ ಹೆಸರೆಲ್ಲ ಗೊತ್ತು, ನನಗೆ ಗೊತ್ತಿಲ್ಲ. ನನಗೇ ಅಮ್ಮ ಹೇಳಿದ್ದು ಮರೆತುಹೋಯಿತಾ ಅಂತ ಅನುಮಾನ ಬಂತು. ಮತ್ತೆ ಅಡುಗೆಮನೆಯಲ್ಲಿ ಹೇಳಿಕೊಂಡು ನೋಡಿದೆ. ಮರೆತಿರಲಿಲ್ಲ."

"ಅಂದ್ರೆ ಮನೆಯಲ್ಲಿ?"

"ಮನೆಯಲ್ಲಿ ನಾನು ಯಾವಾಗಲೂ ಸರಿಯಾಗಿಯೇ ಹೇಳುತ್ತಿದ್ದೆ. ದಿನಾ ಬೆಳಿಗ್ಗೆ, ಹಾಲಿಗಿಟ್ಟಾಗ." ಅವಳು ಕನ್ನಡಕ ತೆಗೆದು ನನಗೆ ಕೊಟ್ಟಳು. "ನೀವು ಕೇಳಿದ್ದೇ ಇಲ್ವಾ?"

ನಾನು ಆ ಹೊತ್ತಿಗೆ ಪೇಪರ್ ಓದುತ್ತಿದ್ದೆ. ಇಲ್ಲವಾದರೆ ಎಂಟು ಏಳರ ಲೋಕಲ್ಲಿಗೆ ಬೂಟು ಹಾಕುತ್ತಿದ್ದೆ. ಇಪ್ಪತ್ತು ಜನರ ನಡುವೆ ಒಬ್ಬರ ಸ್ವರ ಹಿಡಿಯುವ ಕಿವಿಗೆ ಹತ್ತಡಿ ದೂರದ ಅಡುಗೆಮನೆ ಕೇಳಿಸಿರಲಿಲ್ಲ. ಈಗ ಕೇಳೋಣವೆಂದರೆ ಅಲ್ಲಿ ಸ್ವರವಿಲ್ಲ. ಇಷ್ಟು ದೊಡ್ಡ ನಷ್ಟವನ್ನು ನಾನು ಬಾಳಿನಲ್ಲಿ ಬೇರೆ ಮಾಡಿಕೊಂಡಿಲ್ಲ.

ಕಲ್ಯಾಣದಲ್ಲಿ ಅನಸೂಯಕ್ಕನ ಮನೆಯ ಹತ್ತಿರ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಪೆಟ್ಟಿಗೆ ಹೊತ್ತುಕೊಂಡು ಹೋದೆ. ಕಿರುಬೆರಳುದ್ದದ ಒಂದು ಸ್ಪ್ರಿಂಗ್ ಬದಲಾಯಿಸಿದರು. ಹತ್ತು ನಿಮಿಷದ ಕೆಲಸ. "ಇತಕೀ ವರ್ಷಂ ಕಾಯ್ ಕರತ್ ಹೋತಾ?" ಎಂದು ಕೇಳಿದರು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು. ನಾನು ದುಡ್ಡು ಎಣಿಸಿ ಕೊಟ್ಟೆ.

ಶನಿವಾರ ಸಾನಪಾಡಾದ ಹಾಲ್‌ನಲ್ಲಿ ಎಂದಿನ ಹಾಗೆ ಭಜನೆ. ಎಲ್ಲರ ಎದುರು ಆದ ತಪ್ಪನ್ನು ಎಲ್ಲರ ಎದುರೇ ಒಪ್ಪಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಆದರೆ ಹಾಲ್‌ನಲ್ಲಿ ಹಿತೇಶ ಫೋಟೋ ತೆಗೆಯುತ್ತ ಓಡಾಡುತ್ತಿದ್ದ, ಮಕ್ಕಳು ಕಿರುಚುತ್ತಿದ್ದರು, ನನ್ನ ಬಾಯಿಗೆ ಬೀಗ ಬಿತ್ತು. ನಾಚಿಕೆ ಎಂಬುದು ಎಪ್ಪತ್ತರ ಹತ್ತಿರವೂ ಬಿಡುವುದಿಲ್ಲ. ನೋಡನೋಡುತ್ತ ಗಣಪತಿಯ ಹಾಡಾಯಿತು, ಶಾರದೆಯದಾಯಿತು, ಹಾಲಿನ ಹಾಡಿನ ಸರದಿ ಬಂತು. ಸುಗುಣಾ ಎತ್ತಿಕೊಂಡಳು. ರತ್ನ ಹೆಂಗಸರ ಸಾಲಿನ ಕೊನೆಯಲ್ಲಿ, ಗೋಡೆಗೆ ಒರಗಿ ಕೂತಿದ್ದಳು.

ಕೆನೆ ಕಟ್ಟುವ ಮುನ್ನ. ನಾನು ನಿಷಾದದ ಮೇಲೆ ನಿಂತೆ. ಸುಗುಣಾ ಮತ್ತು ಹೆಂಗಸರೆಲ್ಲ, ನಾನೇ ಮೂವತ್ತೊಂದು ವರ್ಷ ಕಲಿಸಿದ ಹಾಗೆ, ಧೈವತದ ಮೇಲೆ ನಿಂತರು. ಅಂದಿನ ಹಾಗೆಯೇ ಕರ್ಕಶವಾಯಿತು. ಅಂದಿನ ಹಾಗೆಯೇ ಜನ ತಿರುಗಿ ನೋಡಿದರು. ಈ ಸಲ ನೋಡಿದ್ದು ನನ್ನನ್ನು.

ಸುಗುಣಾ ಹಾಡು ನಿಲ್ಲಿಸಿದಳು. "ಜಯಶೀಲಣ್ಣ, ಸ್ವರ ತಪ್ಪಿತಲ್ಲ?"

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಎಲ್ಲರ ಎದುರು ಹಾಗೆ ಅನ್ನಿಸಿಕೊಂಡರೆ ಹೇಗಿರುತ್ತದೆ ಎಂಬುದು ನನಗೆ ಆಗ ತಿಳಿಯಿತು. ನನಗೆ ಅರವತ್ತೊಂಬತ್ತು ವರ್ಷ. ಅವಳಿಗೆ ಅಂದು ಮೂವತ್ತಮೂರು, ಮೈಮೇಲೆ ಹೊಸ ಸೀರೆ.

"ತಪ್ಪಿದ್ದು ಇವತ್ತಲ್ಲ ಸುಗುಣಾ" ಎಂದೆ. ಜೋಡಿಸಿದ ಮಾತುಗಳೆಲ್ಲ ಹಾರಿಹೋಗಿದ್ದವು. ಜೇಬಿನಿಂದ ಟಿಕೆಟ್ ತೆಗೆದು ಎತ್ತಿ ಹಿಡಿದೆ. "ಈ ಪೆಟ್ಟಿಗೆಯ ಒಂದು ಮನೆಯ ಬಾಯಿಗೆ ನಾನು ಇದನ್ನು ತುರುಕಿದ್ದೆ. ಆಮೇಲೆ ಸರಿಯಾಗಿ ಹಾಡಿದವಳಿಗೆ ನಿನ್ನ ಸ್ವರ ತಪ್ಪು ಅಂತ ಹೇಳಿದೆ, ಮಂಡಳಿಯ ಎದುರು. ಪೆಟ್ಟಿಗೆ ಸುಳ್ಳು ಹೇಳುತ್ತಿತ್ತು. ಹೇಳಿಸಿದ್ದು ನಾನು. ರತ್ನ ಹಾಡಿದ್ದೇ ಸರಿ ಇತ್ತು."

ಹಿತೇಶ ಫೋನನ್ನು ಕೆಳಗಿಳಿಸಿದ. ಗೋಡೆಯ ಕಡೆಯಿಂದ ಆ ಒಣ ಎಲೆಯ ಸ್ವರ ಕೇಳಿತು.

"ಯಾವು, ಯಾವು. ಸುರು ಮಲ್ಪುಲೆ." ಸಾಕು, ಶುರು ಮಾಡಿ ಎಂದು, ಮನೆಯಲ್ಲಿ ಮಾತಾಡುವ ತುಳುವಿನಲ್ಲಿ. ಆಮೇಲೆ ಎಲ್ಲರಿಗೂ ಕೇಳಲಿ ಎಂದು ಕನ್ನಡದಲ್ಲಿ, "ಮಂಗಳಾರತಿಗೆ ಹೊತ್ತಾಯಿತು."

ಜನ ನಕ್ಕರು. ನಾನು ತಿದಿ ಎಳೆದೆ.

ಸುಗುಣಾ ಮೊದಲಿನಿಂದ ಎತ್ತಿಕೊಂಡಳು. ಹಾಲು ಕಾದಿದೆ ಬಾರೋ ರಂಗ. ಎಲ್ಲರೂ ಸೇರಿಕೊಂಡರು. ಕೆನೆ ಕಟ್ಟುವ ಎಂಬಲ್ಲಿಗೆ ಬಂದಾಗ ಮುಂದೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹೆಂಗಸರ ಸಾಲು ಮೌನವಾಯಿತು, ಸುಗುಣಾ ಕೂಡ. ಹಾಲ್‌ನಲ್ಲಿ ಉಳಿದದ್ದು ಐದನೆಯ ಕರಿಮನೆಯ ಸ್ವರ ಒಂದೇ. ನಾನು ತಲೆಯೆತ್ತಿ ರತ್ನನ ಕಡೆ ನೋಡಿದೆ. ಅವಳ ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಕುತ್ತಿಗೆಯ ಗಾಯದ ಗೆರೆ ಬಿಗಿದುಕೊಂಡಿತ್ತು. ಅವಳು ಹಾಡುತ್ತಿದ್ದಳು. ಶಬ್ದ ಬರುತ್ತಿರಲಿಲ್ಲ.

ತಾಳ ದಾಟಿಹೋಯಿತು. ಟ್ಯಾಬಿನಲ್ಲಾಗಿದ್ದರೆ ಆ ಭಾಗ ಕೆಂಪಾಗುತ್ತಿತ್ತು. ಅವಳ ಉಸಿರು ಮುಗಿದು ಬಾಯಿ ಮುಚ್ಚುವವರೆಗೂ ನಾನು ಆ ಮನೆಯಿಂದ ಬೆರಳು ತೆಗೆಯಲಿಲ್ಲ.